ಅರ್ಜಿಗೆ 50 ಕೆಬಿ ಫೋಟೋ, ಗೋಡೆಗೆ 12×18 ಪ್ರಿಂಟ್: ಎರಡನ್ನೂ ಮನೆಯಲ್ಲೇ ಸರಿ ಮಾಡಿಕೊಳ್ಳುವುದು ಹೇಗೆ?

ನೀವು ದಾವಣಗೆರೆಯಿಂದ ಎರಡು ತೊಂದರೆ ಬರೆದಿದ್ದೀರಿ. ಒಂದು, ಬ್ಯಾಂಕ್ ಪರೀಕ್ಷೆಯ ಅರ್ಜಿಯಲ್ಲಿ ಫೋಟೋ ‘ಸೈಜ್ ಹೆಚ್ಚು’ ಎಂದೂ ಸಹಿ ‘ಸೈಜ್ ಕಡಿಮೆ’ ಎಂದೂ ತಿರಸ್ಕಾರವಾಗುತ್ತಿದೆ, ಚಿಕ್ಕದು ಮಾಡಲು ಹೋದರೆ ಮುಖ ಅಗಲವಾಗುತ್ತಿದೆ. ಎರಡು, ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರ ಗುಡಿ ಮುಂದೆ ತೆಗೆದ ಮನೆಮಂದಿಯ ಫೋಟೋ 12×18ಕ್ಕೆ ಪ್ರಿಂಟ್ ಹಾಕಿಸಿದರೆ ಮಸುಕಾಗಿ, ಮೇಲೆ ಕೆಳಗೆ ಕತ್ತರಿಸಿಕೊಂಡು ಬಂದಿದೆ.

ಎರಡಕ್ಕೂ ಮೂಲ ಒಂದೇ. ಫೋಟೋದಲ್ಲಿ ಆಕಾರ ಬೇರೆ, ಪಿಕ್ಸೆಲ್ ಬೇರೆ, ಕೆಬಿ ಬೇರೆ. ಆಕಾರ ಎಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ. ಅದನ್ನು ಬದಲಿಸುವುದು ಕ್ರಾಪ್. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟಿರುವ ಪುಟ್ಟ ಚುಕ್ಕಿ. ಅವು ಎಷ್ಟಿರಬೇಕೆಂದು ನಿರ್ಧರಿಸುವುದು ರೀಸೈಜ್. ಕೆಬಿ ಎಂದರೆ ಫೈಲಿನ ತೂಕ, ಅದು ಬಹುಪಾಲು ಸೇವ್ ಮಾಡುವಾಗಿನ ಕ್ವಾಲಿಟಿಯ ಮೇಲೆ ನಿಂತಿದೆ. ಮೊದಲು ಕ್ರಾಪ್, ಆಮೇಲೆ ರೀಸೈಜ್, ಕೊನೆಗೆ ಕ್ವಾಲಿಟಿ. ಈ ಕ್ರಮ ತಪ್ಪಿಸಬೇಡಿ. ಪ್ರತಿ ಸಲವೂ ಕ್ಯಾಮೆರಾದಿಂದ ಬಂದ ಮೂಲ ಫೈಲ್‌ನಿಂದಲೇ ಶುರು ಮಾಡಿ. ಜೆಪಿಜಿ ಫೈಲು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರಗಳನ್ನು ಬಿಸಾಡುತ್ತದೆ. ಮತ್ತೆ ಮತ್ತೆ ತೆರೆದು ಸೇವ್ ಮಾಡಿದಷ್ಟೂ ಮತ್ತಷ್ಟು ಹೋಗುತ್ತದೆ, ಹೋದದ್ದು ಹಿಂದೆ ಬರುವುದಿಲ್ಲ.

ಇಷ್ಟು ಪಿಕ್ಸೆಲ್ ಇದ್ದರೆ ಇಷ್ಟೇ ಕೆಬಿ ಎಂಬ ಲೆಕ್ಕ ಎಲ್ಲೂ ಇಲ್ಲ. ಬಿಳಿ ಗೋಡೆಯ ಮುಂದೆ ತೆಗೆದ ಫೋಟೋ ಕಡಿಮೆ ಕೆಬಿಗೆ ಇಳಿಯುತ್ತದೆ. ಹಿಂದೆ ಮರದ ಎಲೆಯೋ ಚೌಕಳಿ ಅಂಗಿಯೋ ಇದ್ದರೆ ಅದೇ ಅಳತೆಯ ಫೋಟೋ ಎರಡು ಪಟ್ಟು ಭಾರವಾಗಬಹುದು. ಹಾಗಾಗಿ ಬಿಳಿ ಹಿನ್ನೆಲೆ ಮೊದಲೇ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಈಗ ಅರ್ಜಿಯ ವಿಷಯ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಸೂಚನೆಗಳಲ್ಲಿ ಫೋಟೋಗೆ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿಗೆ 140×60 ಪಿಕ್ಸೆಲ್, 10ರಿಂದ 20 ಕೆಬಿ ಎಂದಿರುತ್ತದೆ. ನೀವು ತುಂಬುತ್ತಿರುವ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ, ಅದರಲ್ಲಿರುವುದೇ ಅಂತಿಮ. ಅಲ್ಲಿ ಪಿಕ್ಸೆಲ್ ಅಳತೆಯನ್ನು ‘ಇಷ್ಟಿದ್ದರೆ ಒಳ್ಳೆಯದು’ ಎಂಬರ್ಥದಲ್ಲಿ ಹೇಳಿದ್ದಾರೋ ‘ಇಷ್ಟೇ ಇರಬೇಕು’ ಎಂದಿದ್ದಾರೋ ಗಮನಿಸಿ. ನಿಮ್ಮ ಸಹಿಯ ತೊಂದರೆ ಬಗೆಹರಿಯುವುದು ಇಲ್ಲೇ.

ವಿಂಡೋಸ್ ಕಂಪ್ಯೂಟರ್ ಇದ್ದರೆ ಕ್ರಾಪ್‌ಗೆ ಪೇಂಟ್ ಸಾಕು. ಫೋಟೋ ತೆರೆದು, ಕಂಟ್ರೋಲ್ ಒತ್ತಿ ಮೌಸ್ ಚಕ್ರ ತಿರುಗಿಸಿ ಇಡೀ ಚಿತ್ರ ಕಾಣುವಷ್ಟು ಕಿರಿದು ಮಾಡಿಕೊಳ್ಳಿ. ಸೆಲೆಕ್ಟ್ ಒತ್ತಿ ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಎದೆಯವರೆಗೆ ಎಳೆಯಿರಿ. ಎಳೆಯುವಾಗಲೇ ಕೆಳಗಿನ ಪಟ್ಟಿಯಲ್ಲಿ ಅಳತೆ ಓಡುತ್ತಿರುತ್ತದೆ. ಅದು 2000×2300ರ ಹತ್ತಿರ ಬಂದಾಗ ಬಿಡಿ. ಮುಖ ಚಿಕ್ಕದಾಗಿದ್ದರೆ 1000×1150 ಆದರೂ ಸರಿ, 1200×1380 ಆದರೂ ಸರಿ. ಎತ್ತರವು ಅಗಲದ 1.15 ಪಟ್ಟು ಇದ್ದರಾಯಿತು. ನಂತರ ಕಂಟ್ರೋಲ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿದರೆ ಕ್ರಾಪ್. ಎಫ್12 ಒತ್ತಿ ಹೊಸ ಹೆಸರಿನಲ್ಲಿ ಪಿಎನ್‌ಜಿ ಆಗಿ ಸೇವ್ ಮಾಡಿ. ಪಿಎನ್‌ಜಿಯಲ್ಲಿ ವಿವರ ನಷ್ಟವಾಗುವುದಿಲ್ಲ, ಆದ್ದರಿಂದ ನಡುವಿನ ಹಂತಕ್ಕೆ ಅದೇ ಸೂಕ್ತ. ಮೂಲದ ಮೇಲೆಯೇ ಸೇವ್ ಮಾಡಿ ಅದನ್ನು ಕಳೆದುಕೊಳ್ಳಬೇಡಿ.

ಪೇಂಟ್‌ನಲ್ಲಿ ಕಂಟ್ರೋಲ್ ಡಬ್ಲ್ಯೂ ಒತ್ತಿ ರೀಸೈಜ್ ಕೂಡ ಮಾಡಬಹುದು, ಆದರೆ ಜೆಪಿಜಿ ಕ್ವಾಲಿಟಿ ಏರಿಸಿ ಇಳಿಸುವ ಸೌಲಭ್ಯ ಅದರಲ್ಲಿಲ್ಲ. ಅದಕ್ಕೆ ನಾನು ಹೇಳುವುದು ಸ್ಕ್ವೂಶ್. ಬ್ರೌಸರ್‌ನಲ್ಲೇ ತೆರೆಯುವ ಉಚಿತ ಸಾಧನ, ಮೊಬೈಲ್ ಕ್ರೋಮ್‌ನಲ್ಲೂ ನಡೆಯುತ್ತದೆ. ಫೋಟೋ ನಿಮ್ಮ ಯಂತ್ರದಲ್ಲೇ ಸಂಸ್ಕರಣೆಯಾಗುತ್ತದೆ, ಯಾರದೋ ಸರ್ವರ್‌ಗೆ ಹೋಗುವುದಿಲ್ಲ. ಸಹಿ, ಹೆಬ್ಬೆಟ್ಟು, ಆಧಾರ್ ಪ್ರತಿಗಳನ್ನು ಗೊತ್ತಿಲ್ಲದ ‘ಉಚಿತ ರೀಸೈಜರ್’ ಜಾಲತಾಣಗಳಿಗೆ ಏರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಸ್ಕ್ವೂಶ್‌ನಲ್ಲಿ ರೀಸೈಜ್ ಆನ್ ಮಾಡಿ. ಪಿಕ್ಸೆಲ್ ಅಳತೆ ‘ಇಷ್ಟಿದ್ದರೆ ಒಳ್ಳೆಯದು’ ಎಂದಷ್ಟೇ ಇದ್ದರೆ 200ರ ಎರಡು ಪಟ್ಟು, ಅಗಲ 400 ಎಂದು ಹಾಕಿ. ‘ಮೇಂಟೇನ್ ಆಸ್ಪೆಕ್ಟ್ ರೇಶಿಯೋ’ ಗುರುತು ಇದ್ದರೆ ಎತ್ತರ ತಾನೇ 460ರ ಆಸುಪಾಸು ಬರುತ್ತದೆ. 600 ಬಂತೆಂದರೆ ಕ್ರಾಪ್ ತಪ್ಪಾಗಿದೆ ಎಂದೇ ಅರ್ಥ. ಆಗ ಗುರುತು ತೆಗೆದು ಬಲವಂತವಾಗಿ 460 ಹಾಕಿದರೆ ಮುಖ ಅಗಲವಾಗುತ್ತದೆ. ನಿಮಗೆ ಆಗಿರುವುದು ಇದೇ. ಒಂದೆರಡು ಪಿಕ್ಸೆಲ್ ವ್ಯತ್ಯಾಸವಿದ್ದರೆ ಗುರುತು ತೆಗೆದು, ‘ಸ್ಟ್ರೆಚ್’ ಬದಲು ‘ಕಂಟೇನ್’ ಆರಿಸಿ; ಎಳೆಯದೆ ಅಂಚನ್ನು ಮಾತ್ರ ಕತ್ತರಿಸುತ್ತದೆ. ಕೆಳಗೆ ಕಂಪ್ರೆಸ್‌ನಲ್ಲಿ ಮೋಜ್‌ಜೆಪೆಗ್ (ಜೆಪಿಜಿ ಮಾಡುವ ಆಯ್ಕೆ) ಇಟ್ಟು ಕ್ವಾಲಿಟಿ 75ರಿಂದ ಶುರು ಮಾಡಿ. ಕ್ವಾಲಿಟಿಯ ಗುಂಡಿಯನ್ನು ಸರಿಸಿದಂತೆ ಕೆಬಿ ಬದಲಾಗುವುದು ಕಣ್ಣೆದುರೇ ಕಾಣುತ್ತದೆ. 30ರಿಂದ 45 ಕೆಬಿ ನಡುವೆ ನಿಲ್ಲಿಸಿ. ಕ್ವಾಲಿಟಿ 50ಕ್ಕಿಂತ ಇಳಿಸಬೇಕಾಗಿ ಬಂದರೆ ನಿಲ್ಲಿ, ಕೆನ್ನೆಯ ಮೇಲೆ ಚೌಕ ಚೌಕ ಕಲೆ ಏಳುತ್ತದೆ. ಬದಲಿಗೆ ಪಿಕ್ಸೆಲ್ ಅನ್ನು 300×345ಕ್ಕೆ ಇಳಿಸಿ. ಎರಡೂ ಕಡೆ 200×230ರ ಆಕಾರವೇ ಉಳಿಯುತ್ತದೆ. ‘ಇಷ್ಟೇ ಇರಬೇಕು’ ಎಂದಿದ್ದರೆ ಮಾತ್ರ 200×230 ಹಾಕಿ, ಕ್ವಾಲಿಟಿಯನ್ನು 20 ಕೆಬಿ ದಾಟುವವರೆಗೆ ಏರಿಸಿ.

ಸಹಿಯ ಕಥೆ ಉಲ್ಟಾ. 140×60 ಎಂದರೆ ಒಟ್ಟು 8,400 ಪಿಕ್ಸೆಲ್. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ. ಅಷ್ಟರಲ್ಲಿ 10 ಕೆಬಿ ತುಂಬಿಸುವಷ್ಟು ವಿವರವೇ ಇರುವುದಿಲ್ಲ, ಆದ್ದರಿಂದ ಸೈಜ್ ಕಡಿಮೆ ಎನ್ನುತ್ತದೆ. ಅಳತೆ ‘ಇಷ್ಟೇ ಇರಬೇಕು’ ಎಂದಿಲ್ಲದಿದ್ದರೆ ಮೂರು ಪಟ್ಟು ಮಾಡಿ 420×180 ಇಡಿ, ಕ್ವಾಲಿಟಿಯನ್ನು 80ರಿಂದ ಮೇಲಕ್ಕೆ ತನ್ನಿ, 10 ದಾಟುತ್ತದೆ. ಗೆರೆ ಇಲ್ಲದ ಬಿಳಿ ಹಾಳೆ, ಕಪ್ಪು ಇಂಕ್, ಕಿಟಕಿ ಪಕ್ಕದ ಹಗಲು ಬೆಳಕು. ಫೋನಿನ ನೆರಳು ಹಾಳೆಯ ಮೇಲೆ ಬೀಳಬಾರದು. ಸಹಿಯ ಸುತ್ತ ಬಿಗಿಯಾಗಿ ಕ್ರಾಪ್ ಮಾಡಿ, ಇಲ್ಲದಿದ್ದರೆ ಪೆಟ್ಟಿಗೆಯ ನಡುವೆ ಇರುವೆಯಷ್ಟು ಸಹಿ ಉಳಿಯುತ್ತದೆ.

ಇಷ್ಟಾದರೂ ತಿರಸ್ಕಾರವಾದರೆ ಕಾರಣ ಇವುಗಳಲ್ಲಿ ಒಂದಿರಬಹುದು. ಫೈಲಿನ ಹೆಸರಲ್ಲಿ ಪಿಎನ್‌ಜಿ ಅಳಿಸಿ ಜೆಪಿಜಿ ಎಂದು ಬರೆದರೆ ಫೈಲು ಬದಲಾಗುವುದಿಲ್ಲ. ತೆರೆದು ಜೆಪಿಜಿಯಾಗಿಯೇ ಸೇವ್ ಮಾಡಬೇಕು. ಐಫೋನ್ 2017ರ ಐಒಎಸ್ 11ರಿಂದ ಈಚೆಗೆ ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತದೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟು ಹೊಸದಾಗಿ ತೆಗೆಯಿರಿ. ಪ್ರಾಪರ್ಟೀಸ್‌ನಲ್ಲಿ ನೋಡಬೇಕಾದದ್ದು ‘ಸೈಜ್’, ಕೆಳಗಿನ ‘ಸೈಜ್ ಆನ್ ಡಿಸ್ಕ್’ ಅಲ್ಲ. ಇನ್ನು ಡಿಪಿಐ (ಪ್ರಿಂಟ್‌ನಲ್ಲಿ ಇಂಚಿಗೆ ಎಷ್ಟು ಚುಕ್ಕಿ ಎಂಬ) ಅಂಕಿಯನ್ನಷ್ಟೇ 72ರಿಂದ 300 ಮಾಡಿದರೆ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ.

ಆಧಾರ್‌ನಲ್ಲಿ ಸಂಖ್ಯೆ ಮರೆಮಾಡಲು ವರ್ಡ್‌ನಲ್ಲಿ ಕ್ರಾಪ್ ಮಾಡುವವರು ಬಹಳ. ವರ್ಡ್ ಕತ್ತರಿಸಿದ ಭಾಗವನ್ನು ಮುಚ್ಚಿಡುತ್ತದೆ ಅಷ್ಟೇ; ‘ಕಂಪ್ರೆಸ್ ಪಿಕ್ಚರ್ಸ್’ನಲ್ಲಿ ‘ಡಿಲೀಟ್ ಕ್ರಾಪ್ಡ್ ಏರಿಯಾಸ್’ ಕೊಡದಿದ್ದರೆ ಯಾರು ಬೇಕಾದರೂ ವಾಪಸ್ ಎಳೆದು ನೋಡಬಹುದು. 2023ರಲ್ಲಿ ಗೂಗಲ್‌ನ ‘ಪಿಕ್ಸೆಲ್’ ಫೋನಿನಲ್ಲಿ ಸ್ಕ್ರೀನ್‌ಶಾಟ್ ತಿದ್ದುವ ‘ಮಾರ್ಕಪ್’ನಲ್ಲೂ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಇಂಥದ್ದೇ ದೋಷ ಪತ್ತೆಯಾಗಿ, ಅಪ್‌ಡೇಟ್ ಕೊಟ್ಟು ಸರಿಪಡಿಸಿದರು.

ಕೋಟೆಯ ಫೋಟೋಗೆ ಬರೋಣ. ಫೋನ್ ಕ್ಯಾಮೆರಾ ಸಾಮಾನ್ಯವಾಗಿ 4:3 ಆಕಾರದಲ್ಲಿ ತೆಗೆಯುತ್ತದೆ, 12×18 ಇಂಚು ಎಂದರೆ 3:2. ಅಡ್ಡ ಹಿಡಿದು ತೆಗೆದ 4000×3000ರ ಫೋಟೋದಲ್ಲಿ ಎತ್ತರ 2667ಕ್ಕೆ ಇಳಿಯಲೇಬೇಕು. 333 ಸಾಲು ಪಿಕ್ಸೆಲ್ ಹೋಗುತ್ತದೆ. ಲ್ಯಾಬ್‌ನವರು ಕತ್ತರಿಸಿದರೆ ಮೇಲೆ ಕೆಳಗೆ ಸಮನಾಗಿ ಹೋಗುತ್ತದೆ, ನಿಂತವರ ಪಾದ ಮಾಯ. ನೀವೇ 3:2ಕ್ಕೆ ಕ್ರಾಪ್ ಮಾಡಿ: ಗೂಗಲ್ ಫೋಟೋಸ್‌ನಲ್ಲಿ ಎಡಿಟ್, ಕ್ರಾಪ್, ಆಕಾರದ ಗುರುತು ಒತ್ತಿ 3:2 ಆರಿಸಿ, ಖಾಲಿ ಆಕಾಶ ಹೊರಹೋಗುವಂತೆ ಚೌಕಟ್ಟು ಸರಿಸಿ, ‘ಸೇವ್ ಕಾಪಿ’ ಕೊಡಿ. ಗುಡಿ ಮುಂದಿನ ಉಯ್ಯಾಲೆ ಕಂಬದ ತುದಿಯೂ ಬೇಕು, ಕಾಲೂ ಬೇಕು ಎಂದಾದರೆ ಕತ್ತರಿಸುವ ಗೋಜೇ ಬೇಡ, 12×16 ಪ್ರಿಂಟ್ ಕೇಳಿ. ಅದು ಸರಿಯಾಗಿ 4:3. ನನ್ನ ಮಟ್ಟಿಗೆ ಮನೆಮಂದಿಯ ಫೋಟೋಗೆ ಅದೇ ವಾಸಿ.

ಮಸುಕಿಗೆ ಕಾರಣ ವಾಟ್ಸ್‌ಆಪ್ ಇರಬೇಕು. ಸಾಮಾನ್ಯವಾಗಿ ಕಳಿಸಿದರೆ ಅದು ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿಬಿಡುತ್ತದೆ. 1600 ಅನ್ನು 18 ಇಂಚಿಗೆ ಹರಡಿದರೆ ಇಂಚಿಗೆ 89 ಪಿಕ್ಸೆಲ್. ಮೂಲದ 4000 ಆದರೆ 222. ಗೋಡೆಗೆ ನೇತುಹಾಕುವ ಫೋಟೋಗೆ 200ರ ಮೇಲಿದ್ದರೆ ಚೆನ್ನಾಗಿಯೇ ಬರುತ್ತದೆ, 100ರ ಕೆಳಗೆ ಮುಖಗಳು ಕರಗುತ್ತವೆ. ಸ್ಟುಡಿಯೋಗೆ ಕಳಿಸುವಾಗ ಪಿನ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಡಾಕ್ಯುಮೆಂಟ್ ಆಗಿ ಹೋದಾಗ ಫೋಟೋ ತೆಗೆದ ಸ್ಥಳದ ವಿವರವೂ ಫೈಲಿನೊಳಗೆ ಹೋಗುತ್ತದೆ. ಕೋಟೆಯ ಫೋಟೋಗೆ ಚಿಂತೆಯಿಲ್ಲ, ಮನೆಯಲ್ಲಿ ತೆಗೆದದ್ದಾದರೆ ಯೋಚಿಸಿ. ಫ್ರೇಮ್ ಹಾಕಿಸುವುದಾದರೆ ಅಂಚಿನಲ್ಲಿ ಸುಮಾರು ಕಾಲು ಇಂಚು ಕಟ್ಟಿನೊಳಗೆ ಹೋಗುತ್ತದೆ, ಕೊನೆಯಲ್ಲಿ ನಿಂತವರ ಭುಜ ಅಷ್ಟು ಒಳಗಿರುವಂತೆ ಕ್ರಾಪ್ ಮಾಡಿ.