ಅಂಕ ಏರಿದರೆ ಸಾಧನೆಯೂ ಏರಿದಂತೆಯೇ?

ಎರಡು ವರ್ಷಗಳ ಧ್ಯಾನದ ನಂತರ ಆಧ್ಯಾತ್ಮಿಕ ಯೋಗಕ್ಷೇಮದ ಪ್ರಶ್ನಾವಳಿಯಲ್ಲಿ ತಮ್ಮ ಅಂಕ 88ರಿಂದ 104ಕ್ಕೆ ಏರಿರುವುದನ್ನು ಸಾಧನೆಯ ಪ್ರಗತಿಯೆಂದು ತಿಳಿಯಬಹುದೇ ಎಂದು ಕೇಳಿದ್ದೀರಿ. ಅಷ್ಟು ದೂರ ಹೋಗಲಾಗದು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲೂಟ್ಜಿಯನ್ ಮತ್ತು ಎಲಿಸನ್ 1982ರಲ್ಲಿ ಪ್ರಕಟಿಸಿದ ಈ ಮಾಪನದ 20 ಹೇಳಿಕೆಗಳಲ್ಲಿ ಹತ್ತು ದೇವರೊಂದಿಗಿನ ಸಂಬಂಧವನ್ನೂ ಉಳಿದ ಹತ್ತು ಬದುಕಿನ ಅರ್ಥ, ತೃಪ್ತಿಗಳನ್ನೂ ಕುರಿತಿದ್ದು, ಪ್ರತಿಯೊಂದಕ್ಕೂ 1ರಿಂದ 6ರವರೆಗೆ ಅಂಕವಿರುವುದರಿಂದ ಮೊತ್ತ 120ನ್ನು ಮೀರುವುದಿಲ್ಲ. ಅದು ಅಳೆಯುವುದು ತಮ್ಮ ನೆಮ್ಮದಿಯ ಬಗ್ಗೆ ತಾವೇ ಕೊಟ್ಟ ಹೇಳಿಕೆಯನ್ನೇ ಹೊರತು ತಮ್ಮಲ್ಲಾದ ಪರಿವರ್ತನೆಯನ್ನಲ್ಲ. ಭಕ್ತರ ಗುಂಪುಗಳಲ್ಲಿ ಅಂಕಗಳು ಮೇಲ್ಮಿತಿಯ ಬಳಿಯೇ ಒತ್ತೊತ್ತಾಗಿ ನಿಲ್ಲುವ ದೋಷವನ್ನು ಸಂಶೋಧಕರೂ ಗುರುತಿಸಿದ್ದಾರೆ. ಇನ್ನು ಸೃಷ್ಟಿಕರ್ತನನ್ನು ಒಪ್ಪದ ಜೈನ ಸಾಧಕನೊಬ್ಬ (ಆತ್ಮವಿಕಾಸಕ್ಕೆ 14 ಗುಣಸ್ಥಾನಗಳ ಸೂಕ್ಷ್ಮ ಶ್ರೇಣಿಯನ್ನೇ ರೂಪಿಸಿದ ಪರಂಪರೆ ಅವನದು) ದೇವರ ಪ್ರೀತಿಯ ಕುರಿತ ಹೇಳಿಕೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಅಂಕ ಕಳೆದುಕೊಳ್ಳುತ್ತಾನೆ! ತಾವು ಎರಡೂ ಉಪಮಾಪನಗಳ, ಅಂದರೆ ದೇವರ ಕುರಿತ ಹತ್ತು ಮತ್ತು ಬದುಕಿನ ಕುರಿತ ಹತ್ತು ಹೇಳಿಕೆಗಳ, ಅಂಕಗಳನ್ನು ಬೇರೆಬೇರೆಯಾಗಿ ನೋಡಿ, ಏರಿಕೆ ಎಲ್ಲಿ ಆಗಿದೆಯೆಂದು ಗಮನಿಸಿರಿ. ಜೊತೆಗೆ ತಮ್ಮ ಕೋಪ, ತಾಳ್ಮೆಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಮನೆಯವರನ್ನು ಕೇಳುವುದು ಒಳಿತು, ಏಕೆಂದರೆ ಆ ಉತ್ತರವನ್ನು ಬರೆಯುವವರು ತಾವಾಗಿರುವುದಿಲ್ಲ.