ಶಾನುಭೋಗ, ಶ್ಯಾನುಭೋಗ್, ಶಾನಭಾಗ: ‘ಯಾವುದು ಸರಿ’ ಅಂತ ಕೇಳುವುದು ಬಿಡಿ

ಹಾಸನ, ಚಿಕ್ಕಮಗಳೂರು ಸೀಮೆಯ ಮನೆತನ ಮತ್ತು ಅಡ್ಡಹೆಸರುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಶಾಸನ, ಹಳೆ ದಾಖಲೆ ಓದುವ ತಜ್ಞರ ಉತ್ತರ

ಈ ಸಲ ಬೇರೆ ವಿಷಯ ಬರೆಯೋಣ ಅಂದುಕೊಂಡಿದ್ದೆ. ಆದರೆ ಶಾನುಭೋಗ ಅನ್ನುವ ಅಡ್ಡಹೆಸರಿನ ಮೇಲೆ ಅದದೇ ಪ್ರಶ್ನೆ ತಿರುಗಿ ತಿರುಗಿ ಬರುತ್ತಿದೆ. ಪತ್ರದಲ್ಲಿ, ಫೋನಿನಲ್ಲಿ, ಕೊನೆಗೆ ಮದುವೆಮನೆಯ ಪಂಕ್ತಿಯಲ್ಲೂ. ಒಂದೇ ಸಲ ಬರೆದು ಮುಗಿಸುತ್ತೇನೆ. ಶಾನುಭೋಗ ಅಂದರೆ ಯಾರು, ಏನು ಕೆಲಸ ಮಾಡುತ್ತಿದ್ದರು ಅಂತಲೂ ಕೆಲವರು ಕೇಳಿದ್ದಾರೆ. ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದವರು ಅಂದರೆ ಸದ್ಯಕ್ಕೆ ಸಾಕು, ಉಳಿದದ್ದಕ್ಕೆ ಇಲ್ಲಿ ಜಾಗ ಇಲ್ಲ. ನಿಮ್ಮೂರಲ್ಲಿ ಎಪ್ಪತ್ತು ದಾಟಿದ ರೈತರು ಯಾರಾದರೂ ಇದ್ದರೆ ಅವರ ಜಗಲಿ ಮೇಲೆ ಕೂತು ಕೇಳಿ. ಬೈಗುಳದ ಸಮೇತ ಹೇಳುತ್ತಾರೆ.

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ತಾತ ‘ಶ್ಯಾನುಭೋಗ್’ ಅಂತ ಸಹಿ ಮಾಡುತ್ತಿದ್ದರು. ದೊಡ್ಡಪ್ಪನ ಮಕ್ಕಳು ‘ಶಾನುಭೋಗ’ ಅಂತ ಬರೆಯುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ‘ಶಾನಭಾಗ್’ ಮಾಡಿಕೊಂಡಿದ್ದಾನೆ. ನಮ್ಮಪ್ಪ ಮಾತ್ರ ಬರೀ ಇನಿಷಿಯಲ್ಲಿನಲ್ಲೇ ಬದುಕು ಮುಗಿಸಿದರು. ಇದರಲ್ಲಿ ಸರಿಯಾದ ರೂಪ ಯಾವುದು? ಹೆಸರಿನ ಮೂಲ ಎಲ್ಲಿ? ಕುಮಟಾ, ಉಡುಪಿ ಕಡೆಯ ಶಾನಭಾಗರು ನಮಗೆ ನೆಂಟರಾ?

ಉತ್ತರ: ಹೆಸರು ಒಂದೇ ಅನ್ನುವ ಕಾರಣಕ್ಕೆ ಯಾರೂ ನೆಂಟರಾಗುವುದಿಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಇದು ಕೆಲಸದಿಂದ ಬಂದ ಹೆಸರು, ರಕ್ತದಿಂದ ಬಂದದ್ದಲ್ಲ. ಊರೂರಿಗೆ ಶಾನುಭೋಗರಿದ್ದರು. ಪಕ್ಕದ ಹಳ್ಳಿಯ ಶಾನುಭೋಗರದು ಬೇರೆ ಗೋತ್ರ, ಬೇರೆ ಪಂಗಡ ಇರಬಹುದು. ನಮ್ಮ ಸೀಮೆಯಲ್ಲಿ ಹೆಚ್ಚಿನವರು ಬ್ರಾಹ್ಮಣರು. ಅವರಲ್ಲೇ ಸ್ಮಾರ್ತರು, ಮಾಧ್ವರು, ಶ್ರೀವೈಷ್ಣವರು ಎಲ್ಲರೂ ಸಿಗುತ್ತಾರೆ. ಅಲ್ಲಲ್ಲಿ ಲಿಂಗಾಯತ ಶಾನುಭೋಗರೂ ಇದ್ದರು. ಘಟ್ಟ ಇಳಿದರೆ ಇದೇ ಹೆಸರು ಕೊಂಕಣಿ ಮನೆಮಾತಿನ ಗೌಡ ಸಾರಸ್ವತರಲ್ಲಿ ಎದುರಾಗುತ್ತದೆ. ಇವರೆಲ್ಲ ಒಂದೇ ಬೇರಿನವರು ಅಂದರೆ ದೇಶದ ಪೋಸ್ಟ್‌ಮ್ಯಾನ್‌ಗಳೆಲ್ಲ ಅಣ್ಣತಮ್ಮಂದಿರು ಅಂದ ಹಾಗೆ.

ಇನ್ನು ಮೂಲ. ಅದಕ್ಕೆ ದೂರ ಹೋಗಬೇಕಿಲ್ಲ, ನಿಮ್ಮ ತಾಲ್ಲೂಕಿನ ಕಲ್ಲುಗಳನ್ನೇ ನೋಡಬಹುದು. ಹೊಯ್ಸಳರ ಕಾಲದ ಒಂದು ದಾನಶಾಸನದ ಮುಂದೆ ನಿಂತುಕೊಳ್ಳಿ. ಮೇಲೆ ಸೂರ್ಯ, ಚಂದ್ರ. ಆಮೇಲೆ ದೇವರ ಸ್ತುತಿ, ಅರಸನ ಉದ್ದುದ್ದ ಬಿರುದು, ಕೊಟ್ಟ ಗದ್ದೆ ಬೆದ್ದಲಿನ ಗಡಿ, ಆಮೇಲೆ ಇದನ್ನು ಅಳಿದವನು, ಅಂದರೆ ಕೆಡಿಸಿದವನು, ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಅನ್ನುವ ಶಾಪ. ಫೋಟೋ ತೆಗೆಯುವವರು ಇಷ್ಟಕ್ಕೇ ನಿಲ್ಲಿಸಿ ಹೊರಟುಬಿಡುತ್ತಾರೆ. ನಮಗೆ ಬೇಕಾದದ್ದು ಇನ್ನೂ ಕೆಳಗಿದೆ. ಎಷ್ಟೋ ಸಲ ಆ ಸಾಲು ಮಣ್ಣಿನಲ್ಲಿ ಅರ್ಧ ಹೂತಿರುತ್ತದೆ. ಬರೆದವನು ಸೇನಬೋವ ಇಂಥವನು, ಕಂಡರಿಸಿದವನು ರೂವಾರಿ ಇಂಥವನು ಅಂತ ಅಲ್ಲಿ ಇರುತ್ತದೆ. ಕೆಲವು ಕಡೆ ‘ಊರ ಸೇನಬೋವ’, ಕೆಲವು ಕಡೆ ‘ನಾಡ ಸೇನಬೋವ’. ಅದೇ ನಿಮ್ಮ ಹೆಸರಿನ ಹಳೆಯ ರೂಪ. ಅದು ವ್ಯಕ್ತಿಯ ಹೆಸರಿನ ಹಿಂದೆ ಬಾಲದ ಹಾಗೆ ಬರುವುದಿಲ್ಲ, ಮುಂದೆ ಹುದ್ದೆಯ ಹಾಗೆ ಬರುತ್ತದೆ. ಇದನ್ನು ಮರೆಯಬೇಡಿ.

ಈ ಶಾಸನಗಳನ್ನು ಕಣ್ಣಾರೆ ಓದಲಾಗದವರಿಗೆ ಪುಸ್ತಕ ಇದೆ. ಮೈಸೂರು ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ, ಹಾಸನ ಜಿಲ್ಲೆಯದನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಈಗಿನ ಚಿಕ್ಕಮಗಳೂರನ್ನು ಅಲ್ಲಿ ಕಡೂರು ಅಂತ ಹುಡುಕಬೇಕು. ಇದು ಗೊತ್ತಿಲ್ಲದೆ ‘ನಮ್ಮ ಜಿಲ್ಲೆಯದು ಏನೂ ಸಿಗಲಿಲ್ಲ’ ಅಂತ ಬರೆಯುವವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಿದ್ದಿ ತಂದ ಸಂಪುಟಗಳೂ ಇವೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ.

ಸೇನಬೋವ ಹೋಗಿ ಶ್ಯಾನುಭೋಗ ಹೇಗಾಯಿತು? ನಿಮ್ಮ ಊರಿನ ಮಾತು ಕೇಳಿಸಿಕೊಂಡರೆ ಸಾಕು. ಬೇಡ ಅನ್ನುವುದು ಬ್ಯಾಡ ಆಗುತ್ತದೆ. ಪೇಟೆ ಪ್ಯಾಟೆ, ಮೇಲೆ ಮ್ಯಾಲೆ, ದೇವರು ದ್ಯಾವ್ರು. ಹಾಗೆಯೇ ಸೇನ ಸ್ಯಾನ ಆಗಿ, ಬಾಯಲ್ಲಿ ಹೊರಳಿ ಶ್ಯಾನ ಆಯಿತು. ಬರೆಯುವಾಗ ಕೆಲವರು ಯಕಾರದ ಒತ್ತು ಉಳಿಸಿಕೊಂಡರು, ಕೆಲವರು ಬಿಟ್ಟರು. ಅಷ್ಟಕ್ಕೇ ತಾತನದು ಶ್ಯಾನುಭೋಗ್, ದೊಡ್ಡಪ್ಪನ ಮಕ್ಕಳದು ಶಾನುಭೋಗ. ಬೋವ ಅನ್ನುವ ಕಡೆಯ ಭಾಗಕ್ಕೆ ಅರ್ಥ ಕಾಣದವರು ಅದನ್ನು ಸಂಸ್ಕೃತದ ಭೋಗ ಅಂತ ತಿದ್ದಿದರು, ಕರಾವಳಿಯಲ್ಲಿ ಅದು ಭಾಗ ಆಯಿತು. ಓದು ಬರಹ ಬಲ್ಲವರೇ ಇಟ್ಟುಕೊಂಡ ಹೆಸರು ನೋಡಿ, ತಿದ್ದದೆ ಬಿಡುತ್ತಾರಾ?

1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ‘ಶಾನಬೋಗ’ ಅಂತ ಬರೆದುಕೊಂಡ. ಜನ ಇದನ್ನು ಬೇರೆ ಬೇರೆ ಥರ ಕೆಡಿಸಿ ಕರೆಯುತ್ತಾರೆ ಅಂತ ಅವನಿಗೂ ಆಗಲೇ ಗೊತ್ತಾಗಿತ್ತು. ಆಮೇಲೆ ಇಂಗ್ಲಿಷ್ ಕಚೇರಿಗಳ ಕೈಗೆ ಸಿಕ್ಕಿ ಇನ್ನಷ್ಟು ರೂಪ ಬಂತು. ಬಿ ಪಕ್ಕ ಎಚ್ ಇರುವುದು, ಇಲ್ಲದ್ದು. ಕೊನೆಗೆ ಜಿ ಒಂದೇ ಇರುವುದು, ಜಿ ಆದ ಮೇಲೆ ಯು-ಇ ಅಂಟಿಸಿಕೊಂಡದ್ದು. ಒಂದೇ ಮನೆಯಲ್ಲಿ ಮೂರು ಬಗೆ ಇದ್ದರೆ ಗಾಬರಿ ಬೀಳಬೇಡಿ. ಶಾಲೆಗೆ ಸೇರಿಸಿದ ಮೇಷ್ಟರ ಕಿವಿಗೆ ಹೇಗೆ ಬಿತ್ತೋ ಹಾಗೆ ಬರೆದಿದ್ದಾರೆ.

ಇನ್ನೊಂದು ದಾಖಲೆ ಹೇಳುತ್ತೇನೆ, ಇದು ನಿಮ್ಮ ಮನೆಯ ಟ್ರಂಕಿನಲ್ಲೇ ಇರಬಹುದು. ಛಾಪಾ ಕಾಗದದ ಹಳೆ ಕ್ರಯಪತ್ರ, ಭೋಗ್ಯಪತ್ರ. ಎಲ್ಲರೂ ಮೊದಲ ಪುಟದ ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಗಡಿ, ಓದುತ್ತಾರೆ. ನೀವು ಕೊನೆಯ ಪುಟ ತೆಗೆಯಿರಿ. ಸಾಕ್ಷಿಗಳ ರುಜು, ಹೆಬ್ಬೆಟ್ಟಿನ ಗುರುತು, ಅವುಗಳ ಹತ್ತಿರ ‘ಬಿಕ್ಕಲಂ’ ಅಂತ ಒಂದು ಪದ. ಪತ್ರ ಬರೆದವರು ಯಾರು ಅಂತ ಹೇಳುವ ಜಾಗ ಅದು. ಹಳ್ಳಿ ಪತ್ರಗಳಲ್ಲಿ ಅಲ್ಲಿ ಮತ್ತೆ ಮತ್ತೆ ಸಿಗುವುದು ಆ ಊರಿನ ಶಾನುಭೋಗರ ಹೆಸರೇ, ಊರಿನ ಹೆಸರು ಸಮೇತ. ಹೊಯ್ಸಳರ ಕಲ್ಲಿನಲ್ಲಿ ಸೇನಬೋವ ಕೂತ ಜಾಗದಲ್ಲೇ ಇವರೂ ಕೂತಿದ್ದಾರೆ, ಬರಹದ ಬುಡದಲ್ಲಿ. ನಿಮ್ಮ ತಾತನ ತಾತನ ಹೆಸರು ಬೇಕಿದ್ದರೆ ನಿಮ್ಮ ಮನೆಯ ಪತ್ರಕ್ಕಿಂತ ಊರಿನ ಬೇರೆಯವರ ಪತ್ರಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಯಾಕೆಂದರೆ ಅವರು ಬರೆದದ್ದು ಊರವರಿಗೆ.

ಹಾಗಾದರೆ ಇದು ಅಡ್ಡಹೆಸರು ಆದದ್ದು ಯಾವಾಗ? ನಮ್ಮ ಹಾಸನದ ಕಡೆ ಬಹಳ ಈಚೆಗೆ. ಇಲ್ಲಿಯವರಿಗೆ ಅಡ್ಡಹೆಸರಿನ ಅಭ್ಯಾಸವೇ ಇರಲಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು, ಮುಗಿಯಿತು. ಶಾನುಭೋಗರು ಶಾನುಭೋಗರಾಗಿದ್ದದ್ದು ಊರಿನ ಬಾಯಲ್ಲಿ ಮತ್ತು ಸರ್ಕಾರದ ಪುಸ್ತಕದಲ್ಲಿ. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಎಲ್ಲ ಹೋಯಿತು. ವಂಶಪಾರಂಪರ್ಯ ಹಕ್ಕು ಹೋಯಿತು, ಹುದ್ದೆಗೆ ಸಿಗುತ್ತಿದ್ದ ಹಣ ಪೋಟಗಿ ನಿಂತಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನೂ ಗ್ರಾಮ ಆಡಳಿತಾಧಿಕಾರಿ ಅಂತಾರೆ. ಹುದ್ದೆ ಹೋದ ಮನೆಗಳಲ್ಲಿ ಕೆಲವರು ಹುದ್ದೆಯ ಹೆಸರನ್ನು ಉಳಿಸಿಕೊಂಡರು. ಬಹಳ ಮನೆಗಳವರು ನಿಮ್ಮಪ್ಪನ ಹಾಗೆ ಬಿಟ್ಟುಬಿಟ್ಟರು. ಅದಕ್ಕೇ ನಮ್ಮ ಜಿಲ್ಲೆಗಳಲ್ಲಿ ಈ ಅಡ್ಡಹೆಸರು ಅಪರೂಪ. ಶಾನುಭೋಗರು ಕಡಿಮೆ ಇದ್ದರು ಅಂತ ಅಲ್ಲ.

ಆಮೇಲೆ ಪಾಸ್‌ಪೋರ್ಟ್ ಬಂತು. ಅರ್ಜಿಯಲ್ಲಿ ಅಡ್ಡಹೆಸರಿಗೆ ಬೇರೆ ಖಾನೆ. ಅಮೆರಿಕದ ವೀಸಾದಲ್ಲಿ ಹೆಸರಿನ ಎರಡು ಭಾಗ ಇಲ್ಲದವರಿಗೆ ‘ಎಫ್ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿ ಕಳಿಸುತ್ತಾರೆ. ಆ ಖಾನೆ ತುಂಬಿಸುವುದಕ್ಕೆ ಒಬ್ಬ ಅಪ್ಪನ ಹೆಸರು ಹಾಕಿದ, ಇನ್ನೊಬ್ಬ ಊರಿನ ಹೆಸರು ಹಾಕಿದ, ಮತ್ತೊಬ್ಬನಿಗೆ ತಾತನ ಹುದ್ದೆ ನೆನಪಾಯಿತು. ನಿಮ್ಮ ಚಿಕ್ಕಪ್ಪನ ಮಗ ಶಾನಭಾಗ್ ಆದದ್ದು ಬಹುಶಃ ಹೀಗೆಯೇ. ಕೇಳಿ ನೋಡಿ.

‘ಸರಿಯಾದ ರೂಪ’ ಅಂತ ಒಂದಿಲ್ಲ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಏನಿದೆಯೋ ಅದು ನಿಮಗೆ ಸರಿ. ಬೇರೆಯವರದನ್ನು ತಿದ್ದಲು ಹೋಗಬೇಡಿ.

ಒಂದು ಎಚ್ಚರಿಕೆ. ಹಳೆ ಊರಿಗೆ ಹೋಗಿ ‘ನಮ್ಮ ತಾತ ಇಲ್ಲಿ ಶಾನುಭೋಗರಾಗಿದ್ದರು, ಹಳೆ ಪತ್ರ ತೋರಿಸ್ತೀರಾ’ ಅಂತ ಕೇಳುವ ಮುಂಚೆ ಯೋಚನೆ ಮಾಡಿ. ಶಾನುಭೋಗಿಕೆಗೆ ಅಂಟಿಕೊಂಡ ಇನಾಮು ಜಮೀನು ಇತ್ತು. ಹುದ್ದೆ ರದ್ದಾದಾಗ ಅದು ಸರ್ಕಾರಕ್ಕೆ ಸೇರಿ ರೀಗ್ರಾಂಟ್, ಅಂದರೆ ಮರುಮಂಜೂರು, ಆಯಿತು. ಅದರ ವ್ಯಾಜ್ಯಗಳು ಎಷ್ಟೋ ಊರಲ್ಲಿ ವರ್ಷಗಟ್ಟಲೆ ನಡೆದವು. ಕಾರಿನಲ್ಲಿ ಬಂದಿಳಿದವರು ಪಹಣಿ, ಪತ್ರ ಅಂದರೆ ಊರವರಿಗೆ ಒಂದೇ ಅರ್ಥ: ಜಮೀನು ಕೇಳೋಕೆ ಬಂದ್ರು. ಊರಿನ ಪರಿಚಯಸ್ಥರನ್ನು ಕರೆದುಕೊಂಡು ಹೋಗಿ. ಮೊದಲ ದಿನವೇ ಸರ್ವೆ ನಂಬರ್ ಬಾಯಿಗೆ ತರಬೇಡಿ. ದೇವಸ್ಥಾನದ ಅರ್ಚಕರಿಂದ ಶುರು ಮಾಡಿದರೆ ಒಳ್ಳೆಯದು.

ಪ್ರಶ್ನೆ (ಬೇಲೂರು): ‘ಶ್ಯಾನೆ’ ಅಂದರೆ ಬಹಳ. ಶ್ಯಾನೆ ಭೋಗ ಅನುಭವಿಸಿದ್ದಕ್ಕೆ ಶ್ಯಾನುಭೋಗ ಅಂತ ಹೆಸರು ಬಂತಂತೆ, ನಿಜವೇ?

ಉತ್ತರ: ಸುಳ್ಳು. ಕಂದಾಯ ಕಟ್ಟಿ ಸುಸ್ತಾದ ಯಾರೋ ರೈತರು ಮಾಡಿದ ಒಳ್ಳೆಯ ಜೋಕು. ಕಲ್ಲಿನ ಮೇಲೆ ಸೇನಬೋವ ಅಂತ ಇದ್ದಾಗ ಅಲ್ಲಿ ಶ್ಯಾನೆಯೂ ಇರಲಿಲ್ಲ, ಭೋಗವೂ ಇರಲಿಲ್ಲ.

ಪ್ರಶ್ನೆ (ತರೀಕೆರೆ): ಸೇನಬೋವ ಅಂದರೆ ಸೇನೆಗೆ ಸೇರಿದವರು, ನಿಮ್ಮದು ಹೊಯ್ಸಳ ದಂಡನಾಯಕರ ವಂಶ ಅಂತ ಒಬ್ಬರು ಹೇಳಿ, ವಂಶವೃಕ್ಷ ಬರೆದು ಫ್ರೇಮ್ ಹಾಕಿಸಿ ಕೊಟ್ಟಿದ್ದಾರೆ. ದುಡ್ಡು ಕೊಟ್ಟಾಗಿದೆ. ಇದನ್ನು ನಂಬಬಹುದೇ?

ಉತ್ತರ: ಫ್ರೇಮ್ ಚೆನ್ನಾಗಿದ್ದರೆ ಒಳಗಿನ ಕಾಗದ ತೆಗೆದು ದೇವರ ಫೋಟೋ ಹಾಕಿ. ಈ ದಂಧೆ ಹೇಗೆ ನಡೆಯುತ್ತದೆ ಗೊತ್ತಾ? ಮೊದಲು ನಿಮ್ಮಿಂದಲೇ ಅಪ್ಪ, ತಾತ, ಮುತ್ತಾತನ ಹೆಸರು, ಗೋತ್ರ, ಮನೆದೇವರು ಕೇಳಿಕೊಳ್ಳುತ್ತಾರೆ. ಕೆಳಗಿನ ಮೂರು ಸಾಲು ನೀವು ಹೇಳಿದ್ದೇ. ಮೇಲಿನದು ಪಠ್ಯಪುಸ್ತಕದ ಅರಸರು. ನಡುವೆ ಆರೇಳು ನೂರು ವರ್ಷದ ಖಾಲಿ ಜಾಗಕ್ಕೆ ನರಸಪ್ಪ, ತಿಮ್ಮಪ್ಪ, ಮತ್ತೆ ನರಸಪ್ಪ. ಆ ನರಸಪ್ಪನ ಹೆಸರು ಯಾವ ಶಾಸನದಲ್ಲಿದೆ, ಯಾವ ತಾಲ್ಲೂಕು, ಎಷ್ಟನೇ ನಂಬರ್ ಅಂತ ಕೇಳಿ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಪ್ರಕಟವಾದ ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಇರುತ್ತದೆ. ನಂಬರ್ ಹೇಳದವರಿಗೆ ಕಾಫಿ ಕೂಡ ಕೊಡಬೇಡಿ. ಸೇನೆಯ ವಿಷಯಕ್ಕೆ ಬಂದರೆ, ಶಾಸನಗಳಲ್ಲಿ ಈ ಸೇನಬೋವ ಕತ್ತಿ ಹಿಡಿದವನಲ್ಲ, ಬರೆದು ಲೆಕ್ಕ ಇಟ್ಟವನು. ಕತ್ತಿ ಹಿಡಿದು ಸತ್ತವರಿಗೆ ವೀರಗಲ್ಲು ಬೇರೆ ಇವೆ.

ಪ್ರಶ್ನೆ (ಸಕಲೇಶಪುರ): ಅಡ್ಡಹೆಸರಿಗೆ ಇಂಗ್ಲಿಷಿನ ಒಂದು ‘ಎ’ ಜಾಸ್ತಿ ಸೇರಿಸಿದರೆ ವ್ಯಾಪಾರ ಕುದುರುತ್ತದೆ ಅಂತ ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. ಹಳೆ ರೂಪದಲ್ಲಿ ಆ ಅಕ್ಷರ ಇತ್ತೇ?

ಉತ್ತರ: ಹಳೆ ರೂಪದಲ್ಲಿ ಇಂಗ್ಲಿಷೇ ಇರಲಿಲ್ಲ. ಒಂದು ಅಕ್ಷರ ಬದಲಾದರೆ ಆಧಾರ್, ಪ್ಯಾನ್, ಬ್ಯಾಂಕು, ತೋಟದ ಪಹಣಿ ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಆಮೇಲೆ ಅಫಿಡವಿಟ್ಟು, ಪತ್ರಿಕೆ ಜಾಹೀರಾತು, ರಾಜ್ಯಪತ್ರ ಅಂತ ಅಲೆದಾಟ. ಕುದುರುವುದು ನೋಟರಿಗಳ ವ್ಯಾಪಾರ.

ಪ್ರಶ್ನೆ (ಅರಸೀಕೆರೆ): ಕುಲಕರ್ಣಿ, ಕರಣಂ, ಶಾನುಭೋಗ ಮೂರೂ ಒಂದೇನಾ?

ಉತ್ತರ: ಕೆಲಸ ಒಂದೇ, ಸೀಮೆ ಬೇರೆ. ಉತ್ತರ ಕರ್ನಾಟಕದಲ್ಲಿ ಕುಲಕರ್ಣಿ, ತೆಲುಗು ನಾಡಿನಲ್ಲಿ ಕರಣಂ.

ಪ್ರಶ್ನೆ (ಹಾಸನ): ಡಿಎನ್‌ಎ ಪರೀಕ್ಷೆಯಿಂದ ನಾವು ಶಾನುಭೋಗರ ಮನೆಯವರು ಅಂತ ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ. ಲೆಕ್ಕ ಬರೆಯುವುದು ರಕ್ತದಲ್ಲಿ ಬರುವುದಿಲ್ಲ.

ಪ್ರಶ್ನೆ (ಕೊಪ್ಪ): ನಮ್ಮ ಅಜ್ಜಯ್ಯ ಶಾನುಭೋಗರಾಗಿದ್ದವರು. ಅಟ್ಟದ ಮೇಲೆ ಕಪ್ಪು ಬಟ್ಟೆಯ, ಮಡಿಕೆ ಮಡಿಕೆಯಾದ ಪುಸ್ತಕ ಸಿಕ್ಕಿದೆ. ಬಿಳಿ ಅಕ್ಷರ ಇದೆ, ಓದಲು ಬರುವುದಿಲ್ಲ. ಧೂಳು ತುಂಬಾ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ?

ಉತ್ತರ: ಮುಟ್ಟಬೇಡಿ. ಅದು ಕಡತ. ಕಚೇರಿಯ ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಆ ಹೆಸರು ಇದರದೇ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುವುದಕ್ಕೇ ಮಾಡಿದ ವಸ್ತು ಅದು. ನೀವು ಒದ್ದೆ ಬಟ್ಟೆ ತಗುಲಿಸಿದರೆ ಅಜ್ಜಯ್ಯನ ಲೆಕ್ಕವೆಲ್ಲ ಒಂದೇ ಕೈಗೆ ಚುಕ್ತಾ ಆಗುತ್ತದೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳನ್ನು ಕಾಪಾಡಿಕೊಂಡು ಬಂದದ್ದರಿಂದಲೇ ನಿಮ್ಮ ಸೀಮೆಯ ಎಷ್ಟೋ ಚರಿತ್ರೆ ಉಳಿದಿದೆ.

ಬಿಸಿಲಿನ ದಿನ, ನೆರಳಿನಲ್ಲಿ, ಒಂದೊಂದೇ ಮಡಿಕೆ ತೆರೆದು ಎದುರಿನಿಂದ ಫೋಟೋ ತೆಗೆಯಿರಿ, ಫ್ಲ್ಯಾಷ್ ಬೇಡ. ಅಂಟಿಕೊಂಡ ಮಡಿಕೆಯನ್ನು ಎಳೆಯಬೇಡಿ. ಆಮೇಲೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಟ್ಟದಿಂದ ಕೆಳಗೆ, ಗಾಳಿಯಾಡುವ ಕಪಾಟಿನಲ್ಲಿಡಿ. ನಿಮ್ಮ ಕಡೆಯ ಮಳೆಗೆ ಅಟ್ಟದ ಮೇಲೆ ಬಟ್ಟೆ ಬೂಸು ಹಿಡಿಯದೆ ಇರುವುದಿಲ್ಲ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಅಕ್ಷರ ಮೋಡಿಯಲ್ಲಿ ಕೂಡಿಸಿ ಬರೆದದ್ದು, ಅದಕ್ಕೇ ನಿಮಗೆ ಓದಲು ಬರುತ್ತಿಲ್ಲ. ಓದುವವರು ಇನ್ನೂ ಇದ್ದಾರೆ. ಫೋಟೋ ಕಳಿಸಿ. ಈಗಾಗಲೇ ಒಂದು ಮಡಿಕೆ ಒರೆಸಿ ನೋಡಿದ್ದರೆ ಅದನ್ನು ಮಾತ್ರ ನನಗೆ ಹೇಳಬೇಡಿ.