ಇಟಲಿಯ ಚಪ್ಪಟೆ ಬ್ರೆಡ್ ಫೊಕಾಚಾ ಮೇಲೆ ದ್ರಾಕ್ಷಿ ಹಾಕಿ ಬೇಯಿಸಬಹುದಾ? ಹಿಟ್ಟು ಒದ್ದೆಯಾಗಲ್ವಾ?

ಧಾರಾಳವಾಗಿ ಹಾಕಿ. ಇಟಲಿಯ ಟಸ್ಕನಿಯಲ್ಲಿ ವೈನ್ ದ್ರಾಕ್ಷಿ ಕೊಯ್ಯುವ ಸೆಪ್ಟೆಂಬರ್ ಹೊತ್ತಿಗೆ ಇದನ್ನೇ ಮಾಡುತ್ತಾರೆ. ಅಲ್ಲಿ ಬೀಜ ಸಮೇತವೇ ಹಾಕುವುದು, ಕಟುಂ ಕುಟುಂ ಅಂತ ಅಗಿಯಬೇಕು. ನನಗೆ ಬೀಜವಿಲ್ಲದ್ದೇ ಇಷ್ಟ.

500 ಗ್ರಾಂ ಮೈದಾಕ್ಕೆ 325 ಎಂಎಲ್ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಒಣ ಯೀಸ್ಟ್ ಸಾಕು. ಹಿಟ್ಟು ಕೈಗೆ ಅಂಟುತ್ತದೆ, ಹೆದರಿ ಮೈದಾ ಸುರಿಯಬೇಡಿ. ಎರಡರಷ್ಟು ಉಬ್ಬಿದ ಮೇಲೆ ಎಣ್ಣೆ ಸವರಿದ ಟ್ರೇಯಲ್ಲಿ ಹರಡಿ, ಬೆರಳಿಂದ ಗುಳಿ ಒತ್ತಿ ಕಪ್ಪು ದ್ರಾಕ್ಷಿ ಹುದುಗಿಸಿ. ಮೇಲೆ ಸಕ್ಕರೆ, ಆಲಿವ್ ಎಣ್ಣೆ, ರೋಸ್‌ಮೇರಿ ಎಂಬ ಪರಿಮಳದ ಎಲೆ.

ಒದ್ದೆಯಾಗಬಾರದೆಂದರೆ ತೊಳೆದ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಟ್ರೇಯನ್ನು ಓವನ್‌ನ ಕೆಳಗಿನ ಹಂತದಲ್ಲಿಟ್ಟು 220 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಬೇಯಿಸಿ. ದ್ರಾಕ್ಷಿ ಒಡೆದು ಅಂಚಿನಲ್ಲಿ ನೇರಳೆ ಪಾಕ ಗುಳುಗುಳು ಕುದಿಯುತ್ತಿದ್ದರೆ ಆಯಿತು.